ಗರಡಿಮನೆಯ ಹಲವು ಸಾಮುಗಳು

ವ್ಯಾಯಾಮ ಎಂದರೆ ದಿನವೂ ಒಂದೇ ಹೊತ್ತಿಗೆ, ಒಂದೇ ಕ್ರಮದಲ್ಲಿ, ಮುಪ್ಪಿನ ತನಕ ಮಾಡಬೇಕಾದ ಕೆಲಸ ಎಂಬ ನಂಬಿಕೆ ಈಗ ಬೇರೂರಿದೆ. ಒಂದು ವಾರ ತಪ್ಪಿತೋ, ಇನ್ನು ಅದು ನಮ್ಮಿಂದಾಗದ ಮಾತು ಎಂದು ಕೈಬಿಡುವವರು ಬಹಳ. ಜನವರಿಯಲ್ಲಿ ಜಿಮ್ಮಿಗೆ ಹಣ ಕಟ್ಟಿ ಯುಗಾದಿಯ ಹೊತ್ತಿಗೆ ಬಿಟ್ಟವರು ತಮ್ಮ ಮನಸ್ಸು ಗಟ್ಟಿಯಿಲ್ಲವೆಂದು ಹಳಿದುಕೊಳ್ಳುತ್ತಾರೆ. ಕನ್ನಡ ನಾಡಿನಲ್ಲಿ ಮೈ ಪಳಗಿಸಿದವರ ಚರಿತ್ರೆಯನ್ನು ನೋಡಿದರೆ ದೋಷ ಅವರ ಮನಸ್ಸಿನದಲ್ಲ, ಆ ನಂಬಿಕೆಯದೇ ಎನಿಸುತ್ತದೆ. ಸುಮಾರು ಒಂಬೈನೂರು ವರ್ಷಗಳ ಹಿಂದಿನ ಗ್ರಂಥದಲ್ಲಾಗಲಿ, ಗರಡಿಮನೆಗಳ ವಾಡಿಕೆಯಲ್ಲಾಗಲಿ, ಮೈಸೂರು ಅರಮನೆಯ ಯೋಗಶಾಲೆಯಲ್ಲಾಗಲಿ ಒಂದೇ ಸಾಮನ್ನು ಬದುಕಿಡೀ ಹೇರಿದ್ದು ಕಾಣುವುದಿಲ್ಲ. ಹಲವು ಸಾಮುಗಳಿದ್ದವು, ಋತು ನೋಡಿ ಅವು ಹೆಚ್ಚುಕಡಿಮೆಯಾಗುತ್ತಿದ್ದವು, ವಯಸ್ಸು ನೋಡಿ ಬದಲಾಗುತ್ತಿದ್ದವು. ರೂಪ ಬದಲಾಗಲು ಎಡೆಯಿದ್ದುದರಿಂದಲೇ ಅಭ್ಯಾಸ ಉಳಿಯುತ್ತಿತ್ತು ಎಂಬುದು ನನ್ನ ವಾದ. ಆ ಎಡೆ ಕಿರಿದಾದದ್ದು ಕಳೆದ ನೂರು, ನೂರಿಪ್ಪತ್ತು ವರ್ಷಗಳಲ್ಲಿ.

ಮೊದಲ ಸಾಕ್ಷಿ ಕಲ್ಯಾಣದ್ದು. ಇಂದಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದ. ಅಡುಗೆ, ಆನೆ, ಸಂಗೀತ, ಚಿತ್ರಕಲೆಗಳ ಜೊತೆಗೆ ಅದರಲ್ಲಿ ಮಲ್ಲವಿನೋದ ಎಂಬ ಭಾಗವೂ ಇದೆ. ಅಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳ ಮೇಲೆ ವಿಂಗಡಿಸಲಾಗಿದೆ. ಅವರ ಊಟಕ್ಕೆ ಬೇಳೆ, ಮಾಂಸ, ಹಾಲು, ಸಕ್ಕರೆ ಒದಗಿಸುವ ಹೊಣೆ ಅರಸನದೆಂದು ಹೇಳಲಾಗಿದೆ. ನಮಗೆ ಮುಖ್ಯವಾದದ್ದು ಅವರು ಮಾಡಬೇಕಾದ ಶ್ರಮಗಳ ಪಟ್ಟಿ. ಭಾರ ಎತ್ತುವ ಭಾರಶ್ರಮ, ಸುತ್ತಾಡುವ ಭ್ರಮಣಶ್ರಮ, ನೀರಿಗಿಳಿದು ಮಾಡುವ ಸಲಿಲಶ್ರಮ, ತೋಳಿಗೆ ತೋಳು ಒತ್ತಿ ನೂಕುವ ಬಾಹುಪೆಲ್ಲಣಕ, ಕಂಬದ ಮೇಲಿನ ಸ್ತಂಭಶ್ರಮ. ಕುಸ್ತಿಯನ್ನೇ ವೃತ್ತಿಯಾಗಿ ಮಾಡಿಕೊಂಡವನಿಗೂ ಕುಸ್ತಿಯೊಂದೇ ಸಾಲದು, ಅವನು ನಡೆಯಬೇಕು, ಈಜಬೇಕು, ಎತ್ತಬೇಕು, ಹತ್ತಬೇಕು ಎಂದು ಆ ಕಾಲದ ತಿಳಿವಳಿಕೆ ಒಪ್ಪಿಕೊಂಡಿತ್ತು. ಗುಜರಾತಿನ ಜ್ಯೇಷ್ಠಿಮಲ್ಲರೆಂಬ ಮಲ್ಲ ಸಮುದಾಯಕ್ಕೆ ಸಂಬಂಧಿಸಿದ ‘ಮಲ್ಲಪುರಾಣ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಯಾವ ಋತುವಿನಲ್ಲಿ ಮಲ್ಲ ಏನು ತಿನ್ನಬೇಕೆಂಬುದನ್ನೂ ವಿವರಿಸುತ್ತದೆ. ಮೈಸೂರಿನ ಜಟ್ಟಿಗಳು ಪೂಜಿಸುವ ನಿಂಬಜಾದೇವಿ ಆ ಜ್ಯೇಷ್ಠಿಮಲ್ಲರಿಗೂ ಕುಲದೇವತೆಯಾದ್ದರಿಂದ ಈ ಪುರಾಣ ನಮ್ಮಿಂದ ತೀರ ದೂರದ್ದೇನಲ್ಲ.

ಇದಕ್ಕೆ ಎದುರಾಗಿ ಒಂದು ಮಾತು ಹೇಳಬಹುದು: ಗ್ರಂಥದಲ್ಲಿ ಬರೆದದ್ದೆಲ್ಲ ನೆಲದಲ್ಲಿ ನಡೆಯಿತೆಂದು ಹೇಗೆ ನಂಬುವುದು? ರಾಜಾಶ್ರಯದ ಗ್ರಂಥಗಳು ನಡೆದದ್ದಕ್ಕಿಂತ ನಡೆಯಬೇಕಾದದ್ದನ್ನೇ ಹೆಚ್ಚು ಹೇಳುತ್ತವೆ. ಈ ಎಚ್ಚರ ಬೇಕು. ಆದರೆ ಬೇರೆ ಉದ್ದೇಶದ, ಬೇರೆ ಪರಂಪರೆಯ ಗ್ರಂಥಗಳೂ ಅದೇ ದಿಕ್ಕಿಗೆ ಬೊಟ್ಟು ಮಾಡಿದರೆ ಆ ವಿಚಾರ ಒಬ್ಬ ಅರಸನ ಕಲ್ಪನೆಯಲ್ಲ ಎಂದಾದರೂ ತಿಳಿಯುತ್ತದೆ. ಸುಶ್ರುತಸಂಹಿತೆ ವ್ಯಾಯಾಮಕ್ಕೆ ಹಾಕುವ ಗೆರೆ ಬಲದ ಅರ್ಧದಷ್ಟು. ಆ ಅರ್ಧವನ್ನು ಗುರುತಿಸುವ ಬಗೆಯೂ ಅಲ್ಲಿದೆ: ಎದೆಯಲ್ಲಿರುವ ಗಾಳಿ ಬಾಯಿಗೆ ಬಂದಾಗ, ಎಂದರೆ ಬಾಯಲ್ಲಿ ಉಸಿರಾಡುವ ಹಂತ ತಲುಪಿದಾಗ, ಅರ್ಧ ಬಲ ಮುಗಿಯಿತೆಂದು ತಿಳಿಯಬೇಕು. ವಯಸ್ಸು, ಬಲ, ಶರೀರ, ದೇಶ, ಕಾಲ, ಆಹಾರ ಇವಿಷ್ಟನ್ನೂ ನೋಡಿಯೇ ವ್ಯಾಯಾಮ ಮಾಡಬೇಕು, ಇಲ್ಲದಿದ್ದರೆ ರೋಗ ಬರುತ್ತದೆ ಎಂದು ಅದೇ ಗ್ರಂಥ ಎಚ್ಚರಿಸುತ್ತದೆ. ವಾಗ್ಭಟನ ‘ಅಷ್ಟಾಂಗಹೃದಯ’ದ ಪ್ರಕಾರ ಚಳಿಗಾಲ ಮತ್ತು ವಸಂತದಲ್ಲಿ ಅರ್ಧಶಕ್ತಿಯ ವ್ಯಾಯಾಮ ಸಲ್ಲುತ್ತದೆ, ಉಳಿದ ಕಾಲದಲ್ಲಿ ಅದಕ್ಕಿಂತ ಹಗುರವಾದದ್ದೇ ಸರಿ. ಇಂದಿನ ವೈದ್ಯರು ಹಿತಮಿತವಾದ ಶ್ರಮವನ್ನು ಅಳೆಯಲು ಸೂಚಿಸುವ ಸರಳ ಪರೀಕ್ಷೆ, ಮಾತಾಡಲು ಆಗಬೇಕು ಆದರೆ ಹಾಡಲು ಆಗಬಾರದು ಎಂಬುದು, ಸುಶ್ರುತನ ಅಳತೆಗೆ ಎಷ್ಟು ಹತ್ತಿರವಾಗಿದೆ ಎಂದು ಬೆರಗಾಗುತ್ತದೆ. ಆದರೆ ಪ್ರಾಚೀನರು ಆಧುನಿಕ ವಿಜ್ಞಾನವನ್ನು ಮೊದಲೇ ಕಂಡಿದ್ದರು ಎನ್ನಲು ಇದನ್ನು ಎಳೆದು ತರುತ್ತಿಲ್ಲ. ಶ್ರಮದ ಅಳತೆಯನ್ನು ಅವರು ಗಂಟೆಯಲ್ಲೋ ಎಣಿಕೆಯಲ್ಲೋ ಇಡಲಿಲ್ಲ, ಮಾಡುವವನ ಉಸಿರಿನಲ್ಲಿ ಇಟ್ಟರು. ಉಸಿರಿನ ಅಳತೆ ಇಪ್ಪತ್ತರ ಹುಡುಗನಿಗೂ ಎಪ್ಪತ್ತರ ಮುದುಕನಿಗೂ ಒಂದೇ ಸಮ ಸಲ್ಲುತ್ತದೆ. ನೂರು ದಂಡ ಎಂಬ ಎಣಿಕೆ ಹಾಗೆ ಸಲ್ಲಲಾರದು.

ನೆಲದಲ್ಲಿ ನಡೆದದ್ದಕ್ಕೆ ಕಣ್ಣಾರೆ ಕಂಡ ಸಾಕ್ಷಿ ಬೇಕೆಂದರೆ ವಿಜಯನಗರಕ್ಕೆ ಬರಬೇಕು. 1520ರ ಸುಮಾರಿಗೆ ಅಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ಬೆಳಗನ್ನು ವಿವರವಾಗಿ ಬರೆದಿದ್ದಾನೆ. ನಸುಕು ಹರಿಯುವ ಮುನ್ನವೇ ರಾಯ ಎಳ್ಳೆಣ್ಣೆ ಕುಡಿಯುತ್ತಿದ್ದ. ಅದೇ ಎಣ್ಣೆಯನ್ನು ಮೈಗೆಲ್ಲ ಹಚ್ಚಿಕೊಂಡು ಸೊಂಟಕ್ಕೆ ಸಣ್ಣ ಬಟ್ಟೆ ಸುತ್ತಿಕೊಂಡು ಮಣ್ಣಿನಿಂದ ಮಾಡಿದ ಭಾರಗಳನ್ನು ತೋಳಲ್ಲಿ ಎತ್ತುತ್ತಿದ್ದ. ಆಮೇಲೆ ಕುಡಿದ ಎಣ್ಣೆಯೆಲ್ಲ ಬೆವರಾಗಿ ಹೋಗುವ ತನಕ ಕತ್ತಿ ಬೀಸುತ್ತಿದ್ದ. ಅದಾದ ಮೇಲೆ ತನ್ನ ಜಟ್ಟಿಗಳಲ್ಲೊಬ್ಬನ ಜೊತೆ ಕುಸ್ತಿ. ಕೊನೆಗೆ ಕುದುರೆಯೇರಿ ಬೆಳಕು ಹರಿಯುವ ತನಕ ಬಯಲಲ್ಲಿ ಅತ್ತಿತ್ತ ಓಡಿಸುವುದು. ಭಾರ, ಕತ್ತಿವರಸೆ, ಹಿಡಿತ, ಸವಾರಿ, ಹೀಗೆ ನಾಲ್ಕು ಬಗೆಯ ಶ್ರಮ ಒಂದೇ ಮುಂಜಾವಿನಲ್ಲಿ. ಒಂದರಲ್ಲಿ ತೋಳಿನ ಬಲ, ಒಂದರಲ್ಲಿ ಉಸಿರಿನ ದಮ್ಮು, ಒಂದರಲ್ಲಿ ಇಡೀ ಮೈಯ ಚುರುಕು, ಇನ್ನೊಂದರಲ್ಲಿ ಸಮತೋಲ. ಅದೇ ಪಾಯಸ್ ರಾಯನ ರೂಪವನ್ನೂ ಬಣ್ಣಿಸಿದ್ದಾನೆ: ಮಧ್ಯಮ ಎತ್ತರ, ತೆಳ್ಳಗೆನ್ನುವುದಕ್ಕಿಂತ ತುಸು ದಪ್ಪವೇ, ಮುಖದ ಮೇಲೆ ಸಿಡುಬಿನ ಕಲೆಗಳು. ಸಿನಿಮಾ ಮತ್ತು ಕ್ಯಾಲೆಂಡರ್ ಚಿತ್ರಗಳಲ್ಲಿ ನಾವು ಕಾಣುವ ಕಡೆದ ಮೈಯ ರಾಯ ಅವನಲ್ಲ. ನನ್ನ ದೃಷ್ಟಿಯಲ್ಲಿ ಪಾಯಸನ ಬರಹದ ಅತ್ಯಂತ ಬೆಲೆಬಾಳುವ ಸಾಲುಗಳು ಇವು. ದಿನವೂ ಅಷ್ಟು ಶ್ರಮಪಡುತ್ತಿದ್ದವನ ಮೈ ನೋಡುವವರ ಕಣ್ಣಿಗಾಗಿ ಕಟ್ಟಿದ್ದಾಗಿರಲಿಲ್ಲ. ಅದು ಕೆಲಸಕ್ಕೆ ಬರುವ ಮೈಯಾಗಿತ್ತು. ದಂಡಯಾತ್ರೆಗಳಲ್ಲಿ ತಾನೇ ಮುಂದೆ ನಿಂತ ದೊರೆಗೆ ಬೇಕಾಗಿದ್ದುದೂ ಅದೇ.

ಅರಸನಿಗೆ ಎಣ್ಣೆ, ಕುದುರೆ, ಜಟ್ಟಿ, ಬಿಡುವು ಎಲ್ಲವೂ ಇದ್ದವು, ಜನಸಾಮಾನ್ಯನಿಗೆ ಏನಿತ್ತು ಎಂಬ ಪ್ರಶ್ನೆ ನ್ಯಾಯವಾದದ್ದು. ಅವನಿಗಿದ್ದದ್ದು ಗರಡಿ. ಹಳೆ ಮೈಸೂರು ಸೀಮೆಯ ಊರುಗಳಲ್ಲಿ ಗರಡಿಮನೆ, ಉತ್ತರ ಕರ್ನಾಟಕದಲ್ಲಿ ತಾಲೀಮು. ಎರಡೂ ಕಡೆ ಒಳಗಿನ ವ್ಯವಸ್ಥೆ ಹೆಚ್ಚುಕಡಿಮೆ ಒಂದೇ. ತಲೆ ಬಾಗಿಸಿ ಒಳಹೋಗಬೇಕಾದ ಬಾಗಿಲು, ಗೋಡೆಯಲ್ಲಿ ಹನುಮಂತ, ನಡುವೆ ಕೆಮ್ಮಣ್ಣಿನ ಮಟ್ಟಿ. ಆ ಮಣ್ಣನ್ನು ಸೋಸಿ, ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದಮಾಡುತ್ತಿದ್ದರು. ಹದ ಮಾಡುವುದೂ ಒಂದು ಸಾಮೇ. ಗಟ್ಟಿಯಾದ ಮಣ್ಣನ್ನು ಗುದ್ದಲಿಯಿಂದ ಅಗೆದು ಮಗುಚುವ ಕೆಲಸ ಸೊಂಟಕ್ಕೂ ಬೆನ್ನಿಗೂ ಕೊಡುವ ಶ್ರಮವನ್ನು ಯಾವ ಯಂತ್ರವೂ ಅಷ್ಟು ಸುಲಭವಾಗಿ ಕೊಡಲಾರದು. ಮೂಲೆಯಲ್ಲಿ ಕಲ್ಲಿನ ಗುಂಡು, ಮರದ ಗದೆ, ಜೋಡಿ ಮುದ್ಗರ, ಕುತ್ತಿಗೆಗೆ ಹಾಕಿಕೊಂಡು ಬಸ್ಕಿ ಹೊಡೆಯುವ ಕಲ್ಲಿನ ಬಳೆ, ಕೆಲವು ಕಡೆ ಮಲ್ಲಗಂಬ. ಇವುಗಳಲ್ಲಿ ಎಲ್ಲವನ್ನೂ ಎಲ್ಲರೂ ದಿನವೂ ಮುಟ್ಟುತ್ತಿರಲಿಲ್ಲ. ಹೊಸ ಹುಡುಗನಿಗೆ ದಂಡ, ಬಸ್ಕಿ, ಮಣ್ಣು ಅಗೆಯುವುದು; ಬೆಳೆದವನಿಗೆ ಗದೆ ಮತ್ತು ಹಿಡಿತ; ವಯಸ್ಸು ಇಳಿದವನಿಗೆ ನಾಲ್ಕು ದಂಡ, ಎಳೆಯರ ಮೈ ತಿಕ್ಕುವುದು, ಪಟ್ಟು ಹೇಳಿಕೊಡುವುದು. ಯಾರಿಗೆ ಯಾವುದು ಎಂದು ಉಸ್ತಾದ್ ಕಣ್ಣಳತೆಯಲ್ಲಿ ತೀರ್ಮಾನಿಸುತ್ತಿದ್ದ.

ಊರಿನ ಗರಡಿಗೆ ಹೋಗುತ್ತಿದ್ದವರಲ್ಲಿ ಹೆಚ್ಚಿನವರು ಬೇಸಾಯಗಾರರು, ಕೂಲಿಯವರು, ಕಸುಬಿನವರು. ಹಾಗಾಗಿ ಅವರ ಸಾಮಿನ ವರ್ಷವನ್ನು ಮಳೆ ಮತ್ತು ಬೆಳೆ ನಿರ್ಧರಿಸುತ್ತಿದ್ದವು. ಉಳುಮೆ, ನಾಟಿ, ಕೊಯ್ಲುಗಳ ದಿನಗಳಲ್ಲಿ ಹೊಲವೇ ಸಾಕಷ್ಟು ದುಡಿಸುತ್ತಿತ್ತು. ಕಣದ ಕೆಲಸ ಮುಗಿದು ಸಂಕ್ರಾಂತಿ ಕಳೆದ ಮೇಲೆ ಜಾತ್ರೆಗಳ ಕಾಲ. ಆಗ ಕುಸ್ತಿಯ ಸದ್ದು ಹೆಚ್ಚು. ಉತ್ತರ ಕರ್ನಾಟಕದ ಊರುಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವುದು, ಜೋಳದ ಚೀಲ ಹೊತ್ತು ನಡೆಯುವುದು ಜಾತ್ರೆ, ಹಬ್ಬಗಳ ಪಂದ್ಯಗಳು. ಬೇಸಿಗೆಯಲ್ಲಿ ಬಾವಿ, ಕೆರೆಗಳಲ್ಲಿ ಈಜು. ಶ್ರಾವಣದ ನಾಗರಪಂಚಮಿಗೆ ಜೋಕಾಲಿ. ಮೈಸೂರಿನಲ್ಲಿ ದಸರೆ ಬಂತೆಂದರೆ ಕುಸ್ತಿ. ಇವತ್ತಿಗೂ ದೊಡ್ಡಕೆರೆ ಮೈದಾನದ ಅಖಾಡದಲ್ಲಿ ಆ ಪಂದ್ಯಗಳು ನಡೆಯುತ್ತವೆ, ವಿಜಯದಶಮಿಯ ದಿನ ಅರಮನೆಯೊಳಗೆ ಜಟ್ಟಿಗಳ ವಜ್ರಮುಷ್ಟಿ ಕಾಳಗವೂ ನಡೆಯುತ್ತದೆ. ಇದನ್ನೆಲ್ಲ ಯಾರೂ ಕೂತು ಯೋಜಿಸಿದ್ದಲ್ಲ. ಆದರೆ ಫಲ ಮಾತ್ರ ಯೋಜಿಸಿದಂತೆಯೇ ಇತ್ತು: ವರ್ಷವಿಡೀ ಮೈಗೆ ಕೆಲಸ ಇರುತ್ತಿತ್ತು, ಒಂದೇ ಕೆಲಸ ಮಾತ್ರ ಇರುತ್ತಿರಲಿಲ್ಲ. ಬಿತ್ತನೆಯ ಹೊತ್ತಿನಲ್ಲಿ ತಿಂಗಳುಗಟ್ಟಲೆ ಗರಡಿಗೆ ಬಾರದವನನ್ನು ಬಿಟ್ಟುಹೋದವನೆಂದು ಯಾರೂ ತಿಳಿಯುತ್ತಿರಲಿಲ್ಲ. ಇಂದು ಎರಡು ವಾರ ತಪ್ಪಿಸಿಕೊಂಡವನು ತನ್ನನ್ನು ತಾನೇ ಹಾಗೆ ತಿಳಿಯುತ್ತಾನೆ.

ಇಲ್ಲಿ ಬಲವಾದ ಆಕ್ಷೇಪವೊಂದಿದೆ. ಗರಡಿ ಅಷ್ಟು ಒಳ್ಳೆಯದಾಗಿದ್ದರೆ ಪೈಲ್ವಾನರ ಮುಪ್ಪು ಏಕೆ ಅಷ್ಟು ಕಷ್ಟದ್ದಾಗುತ್ತಿತ್ತು? ಹರೆಯದಲ್ಲಿ ಬಾದಾಮಿ, ತುಪ್ಪ, ಹಾಲು, ಮಾಂಸ ಉಂಡು ಅಖಾಡ ಆಳಿದವರು ಕುಸ್ತಿ ಬಿಟ್ಟ ಮೇಲೆ ಬೊಜ್ಜು, ಮಂಡಿನೋವು, ಸಕ್ಕರೆ ಕಾಯಿಲೆಗಳಿಂದ ಬಳಲಿದ ಕಥೆಗಳು ಗರಡಿಯಿದ್ದ ಊರುಗಳಲ್ಲೆಲ್ಲ ಸಿಗುತ್ತವೆ. ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಆ ಕಷ್ಟ ಹೆಚ್ಚಾಗಿ ಬಂದದ್ದು ಯಾರಿಗೆ ಎಂದು ನೋಡಬೇಕು. ಪಂದ್ಯಕ್ಕಾಗಿ ಪೋಷಿತರಾದವರಿಗೆ, ಒಂದೇ ಗುರಿಗೆ ಇಡೀ ಮೈಯನ್ನೂ ಊಟವನ್ನೂ ಒಪ್ಪಿಸಿದವರಿಗೆ. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಕೊಲ್ಹಾಪುರದ ಶಾಹು ಮಹಾರಾಜರಂಥ ಅರಸರ ಆಶ್ರಯದಲ್ಲಿ ಕುಸ್ತಿ ದೊಡ್ಡ ಮೈದಾನಗಳ ಆಟವಾಯಿತು. 1912ರಲ್ಲಿ ಕಟ್ಟಿದ ಅಲ್ಲಿನ ಖಾಸಬಾಗ್ ಮೈದಾನ ಬೆಳಗಾವಿ ಸೀಮೆಯ ಪೈಲ್ವಾನರಿಗೂ ಕನಸಿನ ಅಂಗಳವಾಗಿತ್ತು. ಅಂಥ ಪೈಲ್ವಾನನ ಬದುಕಿನಲ್ಲಿ ಕುಸ್ತಿ ನಿಂತ ದಿನ ಶ್ರಮ ನಿಂತಿತು, ಊಟ ನಿಲ್ಲಲಿಲ್ಲ. ಅವನಿಗೆ ಮುಂದಿನ ಸಾಮು ಯಾವುದೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ಪೈಲ್ವಾನನ ಮುಪ್ಪು ನನ್ನ ವಾದವನ್ನು ಮುರಿಯುವುದಿಲ್ಲ, ಒಂದೇ ಸಾಮಿಗೆ ಕಟ್ಟುಬಿದ್ದ ಮೈಗೆ ಏನಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿಯಾಗುತ್ತದೆ. ಜಟ್ಟಿಗಳ ಮನೆಗಳಲ್ಲಿ ಬೇರೊಂದು ದಾರಿಯಿತ್ತು. ಉಳುಕಿದ, ಜಾರಿದ ಕೀಲುಗಳನ್ನು ಕೂರಿಸುವುದರಲ್ಲಿ, ಮೈ ನೀವುವುದರಲ್ಲಿ ಅವರು ನುರಿತವರೆಂದು ಹೆಸರಾಗಿದ್ದರು. ಸೆಣಸುವ ಕಾಲ ಮುಗಿದ ಕೈಗೆ ಆ ವಿದ್ಯೆ ಕೆಲಸ ಕೊಡುತ್ತಿತ್ತು. ಗರಡಿಯ ನಂಟೂ ಕಡಿಯುತ್ತಿರಲಿಲ್ಲ.

ಮೈಸೂರು ಅರಮನೆಯ ಕಥೆ ಈ ವಿಚಾರವನ್ನು ಇನ್ನೊಂದು ಬಗೆಯಲ್ಲಿ ಬೆಳೆಸುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯಲ್ಲಿ 122 ಆಸನಗಳ ಚಿತ್ರಗಳಿವೆ, ಹಗ್ಗದ ಮೇಲೆ ಮಾಡುವ ಆಸನಗಳೂ ಅವುಗಳಲ್ಲಿ ಸೇರಿವೆ. ಯೋಗ ಮತ್ತು ಗರಡಿಯ ನಡುವೆ ನಾವು ಇಂದು ಎಳೆಯುವ ಗೆರೆ ಆಗ ಅಷ್ಟು ಗಟ್ಟಿಯಾಗಿರಲಿಲ್ಲ ಎಂಬುದಕ್ಕೆ ಇದು ಸೂಚನೆ. ನಾಲ್ವಡಿಯವರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆದ ತಿರುಮಲೈ ಕೃಷ್ಣಮಾಚಾರ್ಯರು ಚಿತ್ರದುರ್ಗ ಸೀಮೆಯ ಮುಚುಕುಂದಪುರದವರು. 1934ರಲ್ಲಿ ಅವರ ‘ಯೋಗಮಕರಂದ’ ಕನ್ನಡದಲ್ಲೇ ಬಂತು. ಯೋಗಶಾಲೆಯಲ್ಲಿ ಅವರು ಹುಡುಗರಿಗೆ ಕಲಿಸಿದ್ದು ಜಿಗಿತ, ತಿರುವುಗಳಿಂದ ಕೂಡಿದ, ಬೆವರಿಳಿಸುವ ಅಭ್ಯಾಸ. 1950ರ ಹೊತ್ತಿಗೆ ಆ ಶಾಲೆ ಮುಚ್ಚಿತು. ಆಮೇಲೆ ಮದ್ರಾಸಿನಲ್ಲಿ ಅದೇ ಆಚಾರ್ಯರು ರೋಗಿಗಳಿಗೆ, ವಯಸ್ಸಾದವರಿಗೆ ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಉಸಿರಿಗೆ ಹೊಂದಿಸಿದ ನಿಧಾನದ ಅಭ್ಯಾಸವನ್ನು ಕಲಿಸಿದರು. ಬೆಳೆಯುವ ವಯಸ್ಸಿಗೆ ಒಂದು, ಸಂಸಾರದ ನಡುವಯಸ್ಸಿಗೆ ಒಂದು, ಮುಪ್ಪಿಗೆ ಒಂದು ಎಂದು ಅಭ್ಯಾಸದ ಉದ್ದೇಶವನ್ನೇ ಬದಲಿಸುವ ಅವರ ಬೋಧನೆಯನ್ನು ಮಗ ದೇಶಿಕಾಚಾರರು ಮುಂದುವರಿಸಿದರು. ಕೃಷ್ಣಮಾಚಾರ್ಯರು ನೂರು ವರ್ಷ ಬದುಕಿ 1989ರಲ್ಲಿ ತೀರಿಕೊಂಡರು. ಒಬ್ಬರ ಆಯಸ್ಸಿನಿಂದ ಯಾವ ವಾದವನ್ನೂ ಸಾಧಿಸಲಾಗದು, ನಿಜ. ಆದರೆ ಒಬ್ಬನೇ ಗುರು ಇಬ್ಬರು ಶಿಷ್ಯರಿಗೆ ಒಂದೇ ಪಾಠ ಹೇಳಲಿಲ್ಲ ಎಂಬುದು ಅವರ ಶಿಷ್ಯರನ್ನು ನೋಡಿದರೇ ತಿಳಿಯುತ್ತದೆ. ಕೋಲಾರ ಸೀಮೆಯ ಬೆಳ್ಳೂರಿನಿಂದ ಬಂದ, ಎಳೆತನದಲ್ಲಿ ರೋಗಗಳಿಂದ ಸೊರಗಿದ್ದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಮುಂದೆ ಪುಣೆಯಲ್ಲಿ ಹಗ್ಗ, ಕುರ್ಚಿ, ಮರದ ಇಟ್ಟಿಗೆ, ಪಟ್ಟಿಗಳ ನೆರವಿನಿಂದ ಆಸನಗಳನ್ನು ಬಗ್ಗದ ಮೈಗೂ ಎಟುಕಿಸಿದರು. ತಾವೂ ತೊಂಬತ್ತು ದಾಟುವ ತನಕ ಆ ನೆರವಿನಿಂದಲೇ ಅಭ್ಯಾಸ ನಡೆಸಿದರು.

ಅದೇ ಗುರುವಿನ ಇನ್ನೊಬ್ಬ ಶಿಷ್ಯ ಪಟ್ಟಾಭಿ ಜೋಯಿಸರ ಪದ್ಧತಿ ನನ್ನ ವಾದಕ್ಕೆ ನೇರ ಎದುರಾಗಿ ನಿಲ್ಲುತ್ತದೆ. ಹಾಸನದ ಬಳಿಯ ಕೌಶಿಕದಿಂದ ಬಂದ ಅವರು ಮೈಸೂರಿನ ಲಕ್ಷ್ಮೀಪುರದಲ್ಲಿ ಕಲಿಸಿದ್ದು ಗೊತ್ತಾದ ಆಸನಗಳ, ಗೊತ್ತಾದ ಅನುಕ್ರಮ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹಾರುವಂತಿಲ್ಲ. ಇಷ್ಟು ಬಿಗಿಯಾದ ಕ್ರಮವೇ ಲೋಕದ ಮೂಲೆಮೂಲೆಯಿಂದ ಮೈಸೂರಿಗೆ ಜನರನ್ನು ಸೆಳೆಯಿತಲ್ಲ, ಹಾಗಾದರೆ ಜನರಿಗೆ ಬೇಕಿರುವುದು ಬಿಗಿಯೇ ಅಲ್ಲವೇ? ಬಿಗಿಗೆ ಸೆಳೆತವಿದೆ, ಅದನ್ನು ಒಪ್ಪಬೇಕು. ಇಂದು ಏನು ಮಾಡಲಿ ಎಂದು ದಿನವೂ ಯೋಚಿಸಬೇಕಾದವನು ಯೋಚನೆಯಲ್ಲೇ ದಣಿಯುತ್ತಾನೆ. ಕ್ರಮ ಆ ಭಾರವನ್ನು ಇಳಿಸುತ್ತದೆ. ಆದರೆ ಆ ಶಾಲೆಯ ಒಳಗಿನ ನಡಾವಳಿಯನ್ನು ಗಮನಿಸಿ. ಶನಿವಾರ ಬಿಡುವು, ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಬಿಡುವು. ಒಂದೇ ಕೋಣೆಯಲ್ಲಿ ಇಪ್ಪತ್ತು ಜನ ಇದ್ದರೂ ಪ್ರತಿಯೊಬ್ಬರೂ ತಮ್ಮ ಉಸಿರಿನ ವೇಗದಲ್ಲಿ, ಗುರು ಹೇಳಿದ ಆಸನದ ತನಕ ಮಾತ್ರ ಹೋಗಿ ನಿಲ್ಲಿಸುತ್ತಾರೆ. ಒಬ್ಬರದು ಅರ್ಧ ಗಂಟೆ, ಇನ್ನೊಬ್ಬರದು ಎರಡು ಗಂಟೆ. ಅನುಕ್ರಮ ಒಂದೇ, ಅಳತೆ ಬೇರೆಬೇರೆ. ಗರಡಿಯ ಉಸ್ತಾದನ ಕಣ್ಣಳತೆಯೇ ಇಲ್ಲೂ ಕೆಲಸ ಮಾಡುತ್ತಿದೆ. ಈ ಪದ್ಧತಿ ಧ್ವನಿಮುದ್ರಿಕೆಗೂ ವಿಡಿಯೋಗೂ ಇಳಿದು, ಗುರುವಿಲ್ಲದೆ ಕ್ರಮವೊಂದೇ ಉಳಿದ ಕಡೆಗಳಲ್ಲಿ ಭುಜ, ಮಂಡಿ ನೋವಿನ ದೂರುಗಳು ಕೇಳಿಬರುವುದು ಸಹಜವೇ.

ಬೆಂಗಳೂರಿನ ಪ್ರೊ. ಕೆ.ವಿ. ಅಯ್ಯರ್ ಅವರನ್ನು ಈ ಚರಿತ್ರೆಯಲ್ಲಿ ಎಲ್ಲಿ ನಿಲ್ಲಿಸಬೇಕೆಂಬುದು ಸುಲಭದ ಪ್ರಶ್ನೆಯಲ್ಲ. ಲೋಕಪ್ರಸಿದ್ಧ ಬಲಾಢ್ಯ ಯುಜೀನ್ ಸ್ಯಾಂಡೋ 1904–05ರಲ್ಲಿ ಭಾರತದಲ್ಲಿ ಪ್ರದರ್ಶನ ಕೊಟ್ಟ ಮೇಲೆ ಕನ್ನಡಿ, ಫೋಟೋ, ತೋಳಿನ ಸುತ್ತಳತೆಗಳ ಹೊಸ ದೇಹಸಂಸ್ಕೃತಿ ಇಲ್ಲಿ ಬೇರುಬಿಟ್ಟಿತು. ಅಯ್ಯರ್ ಆ ಅಲೆಯ ಕೂಸು. ಅವರ ಫೋಟೋಗಳು ವಿದೇಶಿ ಪತ್ರಿಕೆಗಳಲ್ಲಿ ಬಂದವು. ಹರ್ಕ್ಯುಲಿಸ್ ಜಿಮ್ನೇಷಿಯಂ, ಆಮೇಲೆ ಪುರಭವನದ ಬಳಿಯ ವ್ಯಾಯಾಮಶಾಲೆ ಬೆಂಗಳೂರಿನ ಹೆಮ್ಮೆಯಾದವು. ಆದರೆ ಬಾರ್ಬೆಲ್ ಹಿಡಿದ ಅದೇ ವ್ಯಕ್ತಿ 1937ರಲ್ಲಿ ಸೂರ್ಯನಮಸ್ಕಾರದ ಮೇಲೆ ಪುಸ್ತಕ ಬರೆದರು. ಆಸನಗಳನ್ನು ಕಲಿಸುತ್ತಿದ್ದ ಯೋಗಾಚಾರ್ಯ ಸುಂದರಂ ಅವರ ಜೊತೆಗಾರರಾಗಿದ್ದರು. ಅಯ್ಯರ್ ಅಂಗಮರ್ದನದಿಂದಲೂ ವ್ಯಾಯಾಮದಿಂದಲೂ ರೋಗಿಗಳನ್ನು ನೋಡುತ್ತಿದ್ದರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದ, ಕೈಲಾಸಂ ಒಡನಾಟದಲ್ಲಿ ನಾಟಕ ಆಡಿಸಿದ ಅಯ್ಯರ್ ಅವರಿಗೆ ದೇಹವೊಂದೇ ಬದುಕಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಕನ್ನಡಿಯ ಮುಂದಿನ ದೇಹ ಮತ್ತು ಗರಡಿಯ ದೇಹ, ಎರಡೂ ಅವರಲ್ಲಿ ಕೂಡಿದ್ದವು. ಅವರ ನಂತರ ಬಂದವರು ಕನ್ನಡಿಯನ್ನು ಉಳಿಸಿಕೊಂಡು ಉಳಿದದ್ದನ್ನು ಬಿಟ್ಟರು.

ಸಾಮುಗಳ ಹರವು ಹೀಗೆ ಕಿರಿದಾಗಲು ಕನ್ನಡಿಯೊಂದೇ ಕಾರಣವಲ್ಲ. ಶಾಲೆಗಳಲ್ಲಿ ಡ್ರಿಲ್ ಬಂತು; ಐವತ್ತು ಮಕ್ಕಳು ಒಬ್ಬ ಮೇಷ್ಟ್ರ ಸೀಟಿಗೆ ಒಟ್ಟಿಗೆ ಕೈಯೆತ್ತಿ ಇಳಿಸಬೇಕಾದಲ್ಲಿ ಒಬ್ಬೊಬ್ಬರ ಬಲಕ್ಕೆ ಎಡೆ ಇರಲಾರದು. ಸ್ವಾತಂತ್ರ್ಯ ಹೋರಾಟಕ್ಕೂ ಕವಾಯತು ಬೇಕಿತ್ತು. ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಹಿಂದೂಸ್ಥಾನಿ ಸೇವಾದಳ ಸಾವಿರಾರು ತರುಣರನ್ನು ಶಿಸ್ತಿಗೆ ತಂದಿತು. ಅದರ ಋಣ ದೊಡ್ಡದು. ಆದರೆ ಕವಾಯತಿನ ಗುರಿ ಒಂದು ಪಡೆಯನ್ನು ಕಟ್ಟುವುದು, ಒಬ್ಬನ ಎಪ್ಪತ್ತು ವರ್ಷಗಳನ್ನು ಕಾಯುವುದಲ್ಲ. ಸ್ವಾತಂತ್ರ್ಯದ ನಂತರ ಕುಸ್ತಿ ಮಣ್ಣಿನಿಂದ ಮ್ಯಾಟಿಗೆ ಬಂತು, ಪದಕದ ಲೆಕ್ಕ ಬಂತು. ಪದಕ ಬೇಕೆಂದರೆ ಒಂದೇ ವಿದ್ಯೆಯನ್ನು ಹಿಡಿದು ಕೂರಬೇಕು ಎನ್ನುವವರ ಮಾತು ಸರಿ. ಒಲಿಂಪಿಕ್ಸಿಗೆ ಹೋಗುವವನಿಗೆ ವೈವಿಧ್ಯದ ಪಾಠ ಹೇಳುವುದು ಅಧಿಕಪ್ರಸಂಗ. ಸಾವಿರದಲ್ಲೊಬ್ಬನಿಗಾಗಿ ರೂಪಿಸಿದ ಆ ಕ್ರಮವನ್ನು ಉಳಿದ ಒಂಬೈನೂರ ತೊಂಬತ್ತೊಂಬತ್ತು ಜನರೂ ಆದರ್ಶವೆಂದು ತಿಳಿದು ಸೋತುಹೋಗುತ್ತಿರುವುದೇ ನನ್ನ ಅಳಲು.

ಹಿಂದಿನವರಿಗೆ ದುಡಿಮೆಯೇ ವ್ಯಾಯಾಮವಾಗಿತ್ತು, ಬೀಸುವ ಕಲ್ಲು, ಒನಕೆ, ಸೇದುವ ಬಾವಿ ಬಿಟ್ಟದ್ದರಿಂದಲೇ ನಾವು ಕೆಟ್ಟೆವು ಎಂಬ ಮಾತನ್ನೂ ಇಲ್ಲಿ ಪರಿಶೀಲಿಸಬೇಕು. ದುಡಿಮೆ ಮೈಯನ್ನು ಕಾಯುತ್ತದೆ ಎಂಬುದರಲ್ಲಿ ಸತ್ಯವಿದೆ. 1953ರಲ್ಲಿ ವೈದ್ಯ ಜೆರೆಮಿ ಮಾರಿಸ್ ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಹೋಲಿಸಿ, ದಿನವಿಡೀ ಕೂರುವ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದಯಾಘಾತ ಕಡಿಮೆ ಎಂದು ತೋರಿಸಿದ. ಆದರೆ ಆಯ್ಕೆಯಿಲ್ಲದ, ಬಿಡುವಿಲ್ಲದ, ಅರ್ಧ ಬಲಕ್ಕೆ ನಿಲ್ಲಿಸುವ ಸ್ವಾತಂತ್ರ್ಯವಿಲ್ಲದ ದುಡಿಮೆ ಸವೆಸುತ್ತದೆ. ತುಂಬಿದ ಬಸುರಿಯೂ ಕೊಡ ಹೊತ್ತು ನೀರು ತರಬೇಕಾಗಿದ್ದ ಕಾಲವನ್ನು ಆರೋಗ್ಯದ ಕಾಲವೆಂದು ಹಾಡಿ ಹೊಗಳುವುದು ಆ ಹೆಂಗಸರಿಗೆ ಮಾಡುವ ಅನ್ಯಾಯ. ಸುಶ್ರುತನ ಮಾತಿನಂತೆ ವಯಸ್ಸು, ಬಲ, ಕಾಲ ನೋಡಿ ಮಾಡಿದರೆ ಮಾತ್ರ ಅದು ವ್ಯಾಯಾಮ. ಒನಕೆ ಹಿಡಿದವಳಿಗೆ ಆ ಲೆಕ್ಕ ನೋಡುವ ಹಕ್ಕೇ ಇರಲಿಲ್ಲ.

ಗರಡಿಯ ವಿರುದ್ಧದ ಅತಿ ದೊಡ್ಡ ಆಪಾದನೆಯೂ ಇಲ್ಲೇ ಇದೆ. ಹೆಣ್ಣಿಗೆ ಅದರ ಬಾಗಿಲು ಮುಚ್ಚಿತ್ತು. ವಿಜಯನಗರದ ಅರಮನೆಯಲ್ಲಿ ಕತ್ತಿ ಗುರಾಣಿ ಹಿಡಿಯುವ, ಕುಸ್ತಿಯಾಡುವ ಹೆಂಗಸರಿದ್ದರೆಂದು ಇನ್ನೊಬ್ಬ ಪೋರ್ಚುಗೀಸ ನೂನಿಜ್ ಬರೆದಿದ್ದಾನೆ. ಅದು ಅರಮನೆಯ ಮಾತು, ಊರಿನದಲ್ಲ. ಮೈಸೂರಿನ ಯೋಗಶಾಲೆಯಲ್ಲಿ ಇಂದ್ರಾದೇವಿ ಎಂದು ಹೆಸರಾದ ಯುರೋಪಿನ ಮಹಿಳೆಯನ್ನು 1930ರ ದಶಕದ ಕೊನೆಯಲ್ಲಿ ಕೃಷ್ಣಮಾಚಾರ್ಯರು ಸೇರಿಸಿಕೊಳ್ಳಲು ಮೊದಲು ಒಪ್ಪಿರಲಿಲ್ಲ. ಆ ಮುಚ್ಚಿದ ಬಾಗಿಲಿನ ನೆರಳು ಇಂದಿಗೂ ಕಾಣುತ್ತದೆ. 2022ರ ಸ್ಥಿತಿಯನ್ನು ಅಂದಾಜಿಸಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಭಾರತದ ವಯಸ್ಕರಲ್ಲಿ ಅರ್ಧದಷ್ಟು ಜನಕ್ಕೆ ಸಾಕಷ್ಟು ದೈಹಿಕ ಚಟುವಟಿಕೆಯಿಲ್ಲ. ಗಂಡಸರಲ್ಲಿ ಇಂಥವರು ಶೇ. 42ರಷ್ಟಾದರೆ ಹೆಂಗಸರಲ್ಲಿ ಶೇ. 57. ಒನಕೆ ಹೋಯಿತು, ಅದರ ಜಾಗಕ್ಕೆ ಹೆಣ್ಣು ತಾನೇ ಆರಿಸಿಕೊಂಡ ಸಾಮು ಬರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯನ್ನು ಓದಿದಾಗ ಕಲ್ಯಾಣದ ಐದು ಶ್ರಮಗಳ ಪಟ್ಟಿ ನೆನಪಿಗೆ ಬರುತ್ತದೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಇಲ್ಲವೇ 75ರಿಂದ 150 ನಿಮಿಷ ಹುರುಪಿನ ಶ್ರಮ ಮಾಡಬೇಕು. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ ಬೇಕು. 65 ದಾಟಿದವರು ಮೂರು ದಿನವಾದರೂ ಸಮತೋಲ ಮತ್ತು ಬಲವನ್ನು ಕೂಡಿಸಿದ ಬಗೆಬಗೆಯ ಚಟುವಟಿಕೆ ನಡೆಸಬೇಕು. ನಡಿಗೆಯೊಂದೇ ಸಾಲದು, ಭಾರ ಎತ್ತುವುದೊಂದೇ ಸಾಲದು. ವಯಸ್ಸು ಏರಿದಂತೆ ವೈವಿಧ್ಯ ಕಡಿಮೆಯಾಗಬೇಕೆಂದು ನಾವು ತಿಳಿದಿದ್ದೇವೆ. ಈ ಸಲಹೆಯ ಪ್ರಕಾರ ಮುಪ್ಪಿನಲ್ಲೇ ವೈವಿಧ್ಯದ ಅಗತ್ಯ ಹೆಚ್ಚು, ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯ ಆಗಲೇ ಹೆಚ್ಚು. ವಾರದ ಲೆಕ್ಕ ಇಟ್ಟದ್ದೂ ಅರ್ಥಪೂರ್ಣ. ಮಂಗಳವಾರ ತಪ್ಪಿದ್ದನ್ನು ಭಾನುವಾರ ಕೂಡಿಸಿಕೊಳ್ಳಬಹುದು.

ಇದಕ್ಕೆಲ್ಲ ಜಾಗ ಬೇಕು, ಕಲಿಸುವವರು ಬೇಕು. ಈಗ ಊರೂರಿನ ಉದ್ಯಾನಗಳಲ್ಲಿ ಕಬ್ಬಿಣದ ಯಂತ್ರಗಳನ್ನು ನೆಟ್ಟು ತೆರೆದ ಜಿಮ್ ಎಂದು ಕರೆಯಲಾಗುತ್ತಿದೆ. ಒಳ್ಳೆಯ ಕೆಲಸವೇ, ಆದರೆ ಒಂದೊಂದು ಯಂತ್ರ ಒಂದೊಂದೇ ಚಲನೆಯನ್ನು ಬಲ್ಲದು, ಯಾರಿಗೆ ಎಷ್ಟು ಎಂದು ಹೇಳುವವರು ಅಲ್ಲಿಲ್ಲ. ಅದೇ ಹಣದ ಒಂದು ಪಾಲಿನಲ್ಲಿ ಉದ್ಯಾನದ ಮೂಲೆಗೊಂದು ಅಗೆದ ಮಣ್ಣಿನ ಮಟ್ಟಿ, ಬೇರೆಬೇರೆ ತೂಕದ ಗುಂಡುಗಳು, ಒಂದು ಮಲ್ಲಗಂಬ, ಹಿಡಿದು ನಿಲ್ಲಲು ಹಗ್ಗ ಇಡಬಹುದು. ಹೆಂಗಸರಿಗೆ ಅವರ ಮನೆಗೆಲಸಕ್ಕೆ ಹೊಂದುವ ಹೊತ್ತನ್ನು ಅವರನ್ನೇ ಕೇಳಿ ಮೀಸಲಿಡಬಹುದು. ಮೈಸೂರು, ದಾವಣಗೆರೆ, ಬೆಳಗಾವಿಗಳಲ್ಲಿ ಗರಡಿಯ ವಿದ್ಯೆ ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರಿಗೆ ಸಂಬಳ ಕೊಟ್ಟು, ಗಂಡು ಹೆಣ್ಣು ಎನ್ನದೆ ಕಲಿಸಬಲ್ಲ ಹೊಸ ಉಸ್ತಾದರನ್ನು ಅವರ ಕೈಕೆಳಗೆ ತಯಾರು ಮಾಡುವ ಕೆಲಸವನ್ನು ನಗರಸಭೆಗಳು ಈ ಹಿರಿಯರು ಇರುವಾಗಲೇ ಆರಂಭಿಸಬೇಕು.